ಮೊದಲ ಮೊಟ್ಟೆಯ ಗದ್ದಲ

ಹಿತ್ತಲಿನ ಹೇಂಟೆಗಳ ಜುಟ್ಟು ಕೆಂಪೇರಿದ್ದನ್ನು ಮೊದಲು ಕಂಡವರು ಟೈಲರಮ್ಮನ ಅತ್ತೆ. ಬೆನ್ನ ಮೇಲೆ ಕೈಯಿಟ್ಟರೆ ಮೈ ಕುಗ್ಗಿಸಿ ಕೂರುತ್ತಿವೆ, ಇನ್ನು ಮೊಟ್ಟೆಗೆ ತಡವಿಲ್ಲ ಎಂದರು. ಹತ್ತಿಯುಂಡೆಯಂಥ ಮರಿಗಳಾಗಿ ಬಂದಾಗಿನಿಂದ ಅತ್ತೆ ಸೊಸೆ ಇಬ್ಬರೂ ಅವುಗಳನ್ನು ಬೆಕ್ಕು ನಾಯಿಗಳ ಬಾಯಿಂದ ಕಾಪಾಡಿ ಸಾಕಿದ್ದರು. ಒಂದು ಬೆಳಿಗ್ಗೆ ಗೂಡಿನ ಹುಲ್ಲಿನಲ್ಲಿ ನೆಲ್ಲಿಕಾಯಿಗಿಂತ ತುಸು ದೊಡ್ಡದೊಂದು ಮೊಟ್ಟೆ ಸಿಕ್ಕಿತು. ಚಿಪ್ಪಿನ ಮೇಲೆ ರಕ್ತದ ಸಣ್ಣ ಗೆರೆ. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೇ ನೋಡಿದ್ದು.

ಮೊಟ್ಟೆಯ ಹಿಂದೆಯೇ ಗದ್ದಲವೂ ಬಂತು. ಒಂದು ಹೇಂಟೆ ಮೊಟ್ಟೆಯಿಟ್ಟು ಕೂಗಲು ತೊಡಗಿದರೆ ಉಳಿದವೂ ದನಿಗೂಡಿಸುತ್ತಿದ್ದವು. ಬಿಸಿಲೇರುವ ಹೊತ್ತಿನಿಂದ ಮಧ್ಯಾಹ್ನದವರೆಗೂ ಅದೇ ಪಾಡು. ಗೂಡಿನ ಹಿಂದೆ ಒಂದೇ ಇಟ್ಟಿಗೆಯ ಗೋಡೆ, ಗೋಡೆಯಾಚೆ ಬಸ್ ಡ್ರೈವರನ ಮಲಗುವ ಕೋಣೆ. ರಾತ್ರಿಯೆಲ್ಲ ಬಸ್ಸು ಓಡಿಸಿ ಬೆಳಿಗ್ಗೆ ಮನೆ ಸೇರುವವನು ಅವನು. ಮಧ್ಯಾಹ್ನ ಎದ್ದು ಮತ್ತೆ ಡಿಪೋಗೆ ಹೋಗಬೇಕು.

ಮೊದಲು ಅವನ ಹೆಂಡತಿ ಬಂದು ಮೆಲ್ಲಗೆ ಹೇಳಿ ಹೋದಳು. ಆಮೇಲೆ ಅವನೇ ಬಂದ. ಕಣ್ಣು ಕೆಂಡವಾಗಿತ್ತು, ಕೈಯಲ್ಲೊಂದು ಕೋಲು. ಗೂಡನ್ನು ಬೇರೆ ಕಡೆ ಇಡಿ ಎಂದು ಕೇಳಿಕೊಂಡ.

"ಎಲ್ಲಿಡೋದು ಹೇಳು? ಕೋಳಿ ಬಾಯಿಗೆ ಬೀಗ ಹಾಕೋಕಾಗತ್ತಾ?" ಎಂದರು ಅತ್ತೆ.

ಟೈಲರಮ್ಮನಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಅವನು ಅವಳ ನಗುಮುಖವನ್ನೊಮ್ಮೆ, ತನ್ನ ಕೋಲನ್ನೊಮ್ಮೆ ನೋಡಿ ಹೊರಟುಹೋದ. ಅಂದಿನಿಂದ ಕೋಳಿ ಕೂಗಿದಾಗಲೆಲ್ಲ ಗೋಡೆಗೆ ಆ ಕಡೆಯಿಂದ ಗುದ್ದು ಬೀಳುತ್ತಿತ್ತು. ಗುದ್ದಿಗೆ ಕೋಳಿಗಳು ಬೆದರಿ ಇನ್ನಷ್ಟು ಕೂಗುತ್ತಿದ್ದವು. ಹಾಗೇ ವಾರ ಕಳೆಯಿತು.

ಮುಂದಿನ ಊರಿನ ಶಾಲೆಗೆ ಹೊಲಿದ ಯೂನಿಫಾರ್ಮುಗಳನ್ನು ಮುಟ್ಟಿಸಬೇಕಿತ್ತು. ಟೈಲರಮ್ಮ ಗಂಟು ಹೊತ್ತು ಮಧ್ಯಾಹ್ನದ ಬಸ್ಸು ಹತ್ತಿದಾಗ ಸ್ಟಿಯರಿಂಗ್ ಮುಂದೆ ಅವನೇ ಇದ್ದ. ಇಬ್ಬರೂ ಮುಖ ತಿರುಗಿಸಿಕೊಂಡರು. ಮುಂದಿನ ಸೀಟು ಬಿಟ್ಟು ಬೇರೆಲ್ಲೂ ಜಾಗವಿರಲಿಲ್ಲ. ಅಲ್ಲೇ ಕೂತಳು.

ಊರು ದಾಟಿ ನದಿ ದಂಡೆಯ ರಸ್ತೆ ಶುರುವಾಯಿತು. ಬಲಕ್ಕೆ ಗುಡ್ಡ, ಎಡಕ್ಕೆ ಮೋಟುಗೋಡೆ, ಅದರ ಕೆಳಗೆ ನೀರು. ಊಟದ ಮಂಪರಿನಲ್ಲಿ ಜನ ತೂಕಡಿಸುತ್ತಿದ್ದರು. ಕಂಡಕ್ಟರ್ ಹಿಂದಿನ ಸೀಟಿನಲ್ಲಿ ಯಾರೊಡನೆಯೋ ಮಾತಿಗಿಳಿದಿದ್ದ. ಟೈಲರಮ್ಮ ಸುಮ್ಮನೆ ತಲೆಯೆತ್ತಿದವಳಿಗೆ ಡ್ರೈವರನ ಮುಂದಿನ ಕನ್ನಡಿಯಲ್ಲಿ ಅವನ ಮುಖ ಕಂಡಿತು. ಕಣ್ಣು ಮುಚ್ಚಿತ್ತು.

ರೆಪ್ಪೆ ತೆರೆಯಿತು. ಮತ್ತೆ ಇಳಿಯಿತು. ಬಸ್ಸು ನಿಧಾನವಾಗಿ ಎಡಕ್ಕೆ ವಾಲಿ, ಚಕ್ರದಡಿ ಜಲ್ಲಿ ಕರಕರ ಎಂದಿತು. ಅವನು ಬೆಚ್ಚಿ ತಿರುಗಿಸಿಕೊಂಡ. ಹಿಂದೆ ಯಾರಿಗೂ ಎಚ್ಚರವಾಗಲಿಲ್ಲ.

ಕಿರುಚಬೇಕೆಂದು ಬಾಯಿ ತೆರೆದವಳು ತಡೆದುಕೊಂಡಳು. ಕಿರುಚಿದರೆ ಗಾಬರಿಯಲ್ಲಿ ಅವನು ಯಾವ ಕಡೆ ತಿರುಗಿಸುತ್ತಾನೋ ಏನೋ. ಗಂಟನ್ನು ಸೀಟಿನ ಮೇಲಿಟ್ಟು, ಕಂಬಿ ಹಿಡಿದು ಎದ್ದು, ಅವನ ಭುಜದ ಬಳಿ ಬಾಗಿದಳು.

"ಡ್ರೈವರಣ್ಣ, ನನಗೆ ಹೊಟ್ಟೆ ತೊಳೆಸ್ತಿದೆ. ಬಸ್ ಪಕ್ಕಕ್ಕೆ ಹಾಕಿ."

ಮುಂದೆ ಸ್ಟಾಪಿದೆ, ಅಲ್ಲಿಯವರೆಗೆ ತಡೆದುಕೊಳ್ಳಿ ಎಂದು ಅವನು ತೊದಲಿದ.

"ಅಲ್ಲೀತನಕ ಆಗಲ್ಲಣ್ಣ. ಇಲ್ಲೇ ಹಾಕಿ. ನಿಧಾನಕ್ಕೆ."

ತಿರುವಿನಾಚೆ ರಸ್ತೆ ಅಗಲವಾದ ಕಡೆ ಬಸ್ಸು ನಿಂತಿತು. ಇಂಜಿನ್ ಸದ್ದು ನಿಂತ ಮೇಲೆಯೇ ಅವಳಿಗೆ ಉಸಿರು ಬಂದದ್ದು. ಹಿಂದಿನಿಂದ ಯಾರೋ, ವಾಂತಿ ಮಾಡುವವರೆಲ್ಲ ಬಸ್ಸು ಹತ್ತುವುದೇಕೆ ಎಂದು ಗೊಣಗಿದರು. ಅವಳು ನೀರಿನ ಬಾಟಲಿ ಕೊಂಚ ಹಿಡಿದುಕೊಳ್ಳಿ ಎಂದು ನೆಪ ಹೇಳಿ ಅವನನ್ನೂ ಕೆಳಗಿಳಿಸಿಕೊಂಡಳು.

ಬಸ್ಸಿನ ಮರೆಗೆ ಹೋದ ಮೇಲೆ, ನೀವು ನಿದ್ದೆ ಹೋಗಿದ್ದಿರಿ ಎಂದಳು. ಇಲ್ಲವೆನ್ನಲು ಹೋದವನು ಜಲ್ಲಿ ಮೆತ್ತಿದ ಚಕ್ರ ನೋಡಿ ಅಲ್ಲೇ ಕುಸಿದು ಕೂತ. ಸರಿಯಾಗಿ ಮಲಗದೆ ಎಷ್ಟು ದಿನವಾಯಿತೋ ಲೆಕ್ಕ ತಪ್ಪಿದೆ ಎಂದ. ಕೋಳಿಯ ಮಾತೆತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

"ಯಾರಿಗೂ ಹೇಳ್ಬೇಡಿ ಅಕ್ಕ. ಮುಖ ತೊಳ್ಕೊಂಡು ಓಡಿಸ್ತೀನಿ. ಕೆಲಸ ಹೋಗತ್ತೆ."

ಒಂದು ಗಳಿಗೆ ಅವಳು ಹೂಂ ಎನ್ನುವುದರಲ್ಲಿದ್ದಳು. ಅಷ್ಟರಲ್ಲಿ ಕಿಟಕಿಯೊಂದರಿಂದ ಹಸುಗೂಸನ್ನು ಎತ್ತಿ ಯಾರೋ ಅದಕ್ಕೆ ನದಿ ತೋರಿಸುತ್ತಿದ್ದುದು ಕಂಡಿತು.

"ತಪ್ಪು ನಂದೂ ಇದೆ ಅಣ್ಣ, ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಆದ್ರೆ ನೀವು ಮತ್ತೆ ಸ್ಟಿಯರಿಂಗ್ ಹಿಡಿದ್ರೆ ಈ ಜನಾನೆಲ್ಲ ನಾನೇ ಕೆಳಗಿಳಿಸ್ತೀನಿ."

ಅವನು ಅವಳನ್ನು ದುರುಗುಟ್ಟಿ ನೋಡಿದ. ಅವಳು ಬಸ್ಸಿನ ಬಾಗಿಲಿಗೆ ಅಡ್ಡ ನಿಂತಳು. ಅಲ್ಲಿಂದ ಸರಿಯಲಿಲ್ಲ. ಕೊನೆಗೆ ಅವನೇ ಕಂಡಕ್ಟರನನ್ನು ಕರೆದು, ನನ್ನ ಕೈಲಾಗುವುದಿಲ್ಲ, ಡಿಪೋಗೆ ಫೋನ್ ಮಾಡು ಎಂದ. ಬೇರೆ ಡ್ರೈವರ್ ಬರುವವರೆಗೆ ಜನ ಬಿಸಿಲಲ್ಲಿ ನಿಂತು ಇಬ್ಬರಿಗೂ ಶಾಪ ಹಾಕಿದರು. ಅವನು ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಮನೆಗೆ ಮರಳಿದವಳು ಗೂಡನ್ನು ಬೀದಿ ಬದಿಯ ತನ್ನ ಹೊಲಿಗೆ ಕೋಣೆಯ ಕಿಟಕಿಯಡಿಗೆ ಎಳೆಯತೊಡಗಿದಳು. ತಲೆ ಕೆಟ್ಟಿದೆಯಾ ಎಂದು ಅತ್ತೆ ಕೂಗಾಡಿದರು. ನಡೆದದ್ದನ್ನು ಕೇಳಿದ ಮೇಲೆ ತಾವೂ ಗೂಡಿನ ಇನ್ನೊಂದು ತುದಿಗೆ ಕೈ ಹಾಕಿದರು. ಜಾಗ ಬದಲಾದ ಸಿಟ್ಟಿಗೆ ಹೇಂಟೆಗಳು ಕೆಲವು ದಿನ ಮೊಟ್ಟೆಯನ್ನೇ ಇಡಲಿಲ್ಲ.

ಡಿಪೋದವರು ಅವನಿಗೆ ಕೆಲಸ ಬಿಡಿಸಲಿಲ್ಲ. ಸ್ವಲ್ಪ ಕಾಲ ಮನೆಯಲ್ಲಿರಲು ಹೇಳಿದರು. ಆಚೆ ಮನೆಯಿಂದ ಮಾತು ನಿಂತುಹೋಯಿತು. ಟೈಲರಮ್ಮ ಕಳಿಸಿದ ಮೊಟ್ಟೆಗಳು ಕಳಿಸಿದ ಬಟ್ಟಲಲ್ಲೇ ವಾಪಸ್ ಬಂದವು. ಬೀದಿಯಲ್ಲಿ ಎದುರಾದರೆ ಅವನ ಹೆಂಡತಿ ತಲೆ ತಗ್ಗಿಸುತ್ತಿದ್ದಳು. ಟೈಲರಮ್ಮ ಮಾತ್ರ ಕೋಳಿ ಕೂಗಿದಾಗಲೆಲ್ಲ ಮಿಶಿನ್ ನಿಲ್ಲಿಸಿ ಗೋಡೆಯಾಚೆ ಕಿವಿಯಿಡುತ್ತಿದ್ದಳು. ಗುದ್ದು ಕೇಳಿಸುತ್ತಿರಲಿಲ್ಲ. ಆದರೂ ಎದೆ ಹಗುರಾಗುತ್ತಿರಲಿಲ್ಲ.

ಕೆಲಸಕ್ಕೆ ಮರಳುವ ಹಿಂದಿನ ದಿನ ಅವನು ಬಾಗಿಲಲ್ಲಿ ಬಂದು ನಿಂತ. ಮುಖಕ್ಕೆ ಕಳೆ ಬಂದಿತ್ತು. ಕೈಯಲ್ಲಿ ಖಾಕಿ ಅಂಗಿ.

"ಕಾಲರ್ ಹರಿದಿದೆ. ನಾಳೆಗೆ ಬೇಕಿತ್ತು."

"ಕೂತ್ಕೊಳ್ಳಿ, ಈಗ್ಲೇ ಆಗತ್ತೆ," ಎಂದು ಅವಳು ಸೂಜಿಗೆ ದಾರ ಪೋಣಿಸತೊಡಗಿದಳು.