ಹಗ್ಗ ಕತ್ತರಿಸಿದ ಮಷೀನು

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಕೆಲ್ ಫೋನು ಮಾಡಿದ. ನೋಲಾ ಆಗ ತನ್ನ ಶೆಡ್ಡಿನಲ್ಲಿ ಒಂದು ಹಳೇ ಎಲೆ ಹೀರುವ ಮಷೀನಿನ ಹೊಟ್ಟೆ ಬಿಚ್ಚಿ, ಒಳಗೆ ಸಂಸಾರ ಹೂಡಿದ್ದ ಜೇಡವನ್ನು ಕಡ್ಡಿಯಿಂದ ಎಬ್ಬಿಸುತ್ತಿದ್ದಳು.

"ನಿನ್ನ ದಾನಧರ್ಮಕ್ಕೆ ದೊಡ್ಡ ನಮಸ್ಕಾರ ಕಣಮ್ಮಾ," ಅಂದ ಕೆಲ್. "ಅಂಥಾ ಚಿನ್ನದಂಥ ಹುಲ್ಲಿನ ಮಷೀನನ್ನ ಯಾರಾದ್ರೂ ರಸ್ತೇಲಿ ಬಿಡ್ತಾರೇನೇ? ಬರೀ ಹಗ್ಗ ಹೋಗಿತ್ತು. ಹತ್ತು ನಿಮಿಷದ ಕೆಲಸ. ಇರು, ಕೇಳಿಸ್ತೀನಿ!"

ಫೋನಿನಾಚೆ ಟೂ-ಸ್ಟ್ರೋಕ್ ಎಂಜಿನ್ನು ಒಂದೆರಡು ಸಲ ಕೆಮ್ಮಿ ಕಿರುಚತೊಡಗಿತು.

"ಕೆಲ್! ನಿಲ್ಲಿಸೋ! ಅದನ್ನ ಓಡಿಸ್ಬೇಡ!" ನೋಲಾ ಕೂಗಿದಳು. ಅವನಿಗೆಲ್ಲಿ ಕೇಳಬೇಕು? ಫೋನು ಆಗಲೇ ಜೇಬು ಸೇರಿತ್ತು.

ಆ ಮಷೀನಿನ ಅಡಿಯ ತಟ್ಟೆ, ಅಂದರೆ ಅಲಗುಗಳನ್ನು ಹಿಡಿದುಕೊಂಡು ತಿರುಗುವ ಕಬ್ಬಿಣದ ತಟ್ಟೆ, ಬಿರುಕು ಬಿಟ್ಟಿತ್ತು. ಗುರುವಾರ ನೋಲಾ ಕಣ್ಣಾರೆ ನೋಡಿದ್ದಳು. ನಡುವಿನ ತೂತಿನಿಂದ ಅಲಗಿನ ಬೋಲ್ಟಿನವರೆಗೆ ಕೂದಲೆಳೆಯಷ್ಟು ಸಣ್ಣ ಗೆರೆ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ ತಟ್ಟೆ ಅದು. ಬಿರುಕು ಬಾಯಿ ಬಿಟ್ಟರೆ ಅಲಗು ಕಿತ್ತುಕೊಂಡು ಕಾಲಿನ ಎತ್ತರದಲ್ಲಿ ಗುಂಡಿನಂತೆ ಹಾರುತ್ತದೆ. ಈ ಕೆಲ್ ಮಹಾಶಯನೋ, ಹುಲ್ಲು ಕತ್ತರಿಸುವುದು ಹವಾಯಿ ಚಪ್ಪಲಿಯಲ್ಲಿ! ಹೇಳಿ ಹೇಳಿ ಇವಳ ಬಾಯಿ ಸೋತಿದ್ದಷ್ಟೇ ಬಂತು.

ತಳವೂ ತುಕ್ಕು ತಿಂದಿದ್ದರಿಂದ ಅದನ್ನು ರಿಪೇರಿ ಮಾಡುವುದು ದಂಡ ಅನ್ನಿಸಿ, ನೋಲಾ ಹಾಗೇ ಜೋಡಿಸಿ ನಿನ್ನೆ ಸಂಜೆ ಮನೆಮುಂದಿನ ಹುಲ್ಲಿನ ಮೇಲೆ ಇಟ್ಟಿದ್ದಳು. ಬೆಂಡಿಗೋ ಊರಿನಲ್ಲಿ ಗುಜರಿ ವಾರ ಬಂತೆಂದರೆ ಬೀದಿಗೆ ಬೀದಿಯೇ ಬೇಡದ್ದನ್ನೆಲ್ಲ ಹೀಗೆ ಹೊರಗಿಡುತ್ತದೆ. ಪುರಸಭೆಯ ಲಾರಿ ಬರುವ ಮುಂಚೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಅದಕ್ಕೇ ಕೆಟ್ಟ ಮಷೀನನ್ನು ಇಡುವಾಗ ನೋಲಾ ಎಂಜಿನ್ನು ಹೊತ್ತಿಸಲು ಎಳೆಯುವ ಹಗ್ಗವನ್ನು ಬುಡಕ್ಕೇ ಕತ್ತರಿಸಿ ಇಡುವುದು, ಯಾರೂ ಚಾಲೂ ಮಾಡದಿರಲಿ ಅಂತ. ಮೂವತ್ತು ವರ್ಷದ ರೂಢಿ. ಸಾಮಾನ್ಯ ಜನಕ್ಕೆ ಅಷ್ಟು ಸಾಕು. ಆದರೆ ಗುಜರಿ ಆಯುವವರ ಕಣ್ಣಿಗೆ ಹಗ್ಗವಿಲ್ಲದ ಮಷೀನು ಅಂದರೆ ಹಬ್ಬ! "ಹಗ್ಗ ಒಂದೇ ಹೋಗಿದ್ರೆ ಎಂಜಿನ್ ಚೆನ್ನಾಗಿದೆ ಅಂತ್ಲೇ ಅರ್ಥ, ಕಣ್ಮುಚ್ಕೊಂಡು ಎತ್ಕೋ" ಅಂತ ಕೆಲ್‌ಗೆ ಕಲಿಸಿದ್ದು ಯಾರು? ಇದೇ ಪುಣ್ಯಾತ್ಗಿತ್ತಿ. ಅವನು ಗಣಿ ಕೆಲಸದಿಂದ ನಿವೃತ್ತನಾಗಿ, ಹೊತ್ತು ಹೋಗದೆ ಇವಳ ಶೆಡ್ಡಿಗೆ ಬಂದ ಮೊದಲ ವಾರವೇ ಕೊಟ್ಟ ಪಾಠ ಅದು.

ನೋಲಾ ಪಿಕಪ್ಪಿನ ಬೀಗದ ಕೈ ಹುಡುಕಿ ಹೊರಟಳು. ಎರಡು ಬೀದಿ ದಾಟುವಷ್ಟರಲ್ಲಿ ಮೂರು ಸಲ ಫೋನು ಹಚ್ಚಿದಳು. ಎತ್ತಲಿಲ್ಲ. ವಸಂತದ ಶನಿವಾರ, ಮನೆಮನೆಯಲ್ಲೂ ಹುಲ್ಲು ಕತ್ತರಿಸುವ ಸದ್ದು. ಆ ಗದ್ದಲದಲ್ಲೂ ಕೆಲ್‌ನ ಕೈಯಲ್ಲಿದ್ದ ಮಷೀನಿನ ಕಿರುಚು ಅವಳಿಗೆ ಬೇರೆಯಾಗಿ ಕೇಳಿಸಿತು. ಓಡುತ್ತಿರುವವರೆಗೂ ಏನೂ ಆಗಿಲ್ಲ ಅಂತ ಲೆಕ್ಕ. ನಿಂತೀತು ಅಂತಲೇ ಹೆದರಿಕೆ.

ಕೆಲ್ ಹಿತ್ತಲಲ್ಲಿದ್ದ. ಬರೀ ಚಡ್ಡಿ, ಟೋಪಿ, ಅದೇ ಹವಾಯಿ ಚಪ್ಪಲಿ. ನೋಲಾ ಬೇಲಿಯ ಬಳಿ ನಿಂತು ಎರಡೂ ಕೈ ಬೀಸಿದಳು. ಅವನು ಹಲ್ಲು ಕಿರಿದು ತಾನೂ ಕೈ ಬೀಸಿದ. ಅಯ್ಯೋ ನಿನ್ನ ಮನೆ ಕಾಯ! ಇನ್ನು ಕೂಗಿ ಪ್ರಯೋಜನವಿಲ್ಲವೆಂದು ಅವಳು ಓಡಿಹೋಗಿ, ಓಡುತ್ತಿದ್ದ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ವೈರನ್ನೇ ಬರಿಗೈಯಲ್ಲಿ ಕಿತ್ತಳು. ಶಾಕು ಮೊಳಕೈವರೆಗೆ ಹೊಡೆಯಿತು. ಮಷೀನು ನಿಂತಿತು. ಅವಳು ಹುಲ್ಲಿನ ಮೇಲೆ ದೊಪ್ಪನೆ ಕುಳಿತಳು.

"ತಲೆ ಕೆಟ್ಟಿದ್ಯೇನೇ ನಿಂಗೆ?"

"ತಟ್ಟೆ ಬಿರುಕು ಬಿಟ್ಟಿದೆ ಕಣೋ ಅದರದ್ದು! ನಿನ್ನ ಕಾಲು ಹೋಗ್ತಿತ್ತು!"

ಕೆಲ್ ಒಮ್ಮೆ ತನ್ನ ಕಾಲಿನ ಹೆಬ್ಬೆರಳುಗಳನ್ನು ನೋಡಿಕೊಂಡ. ಆಮೇಲೆ ಇಬ್ಬರೂ ಸೇರಿ ಮಷೀನನ್ನು ಮಗುಚಿದರು. ಕೆಲ್ ಅಂಟಿದ ಹುಲ್ಲನ್ನು ಕೆರೆದು, ಬಟ್ಟೆಯಿಂದ ಒರೆಸಿ, ಕನ್ನಡಕ ಏರಿಸಿ ನೋಡಿದ. ತಟ್ಟೆಯ ಸುತ್ತ ಉಗುರಾಡಿಸಿದ.

"ಎಲ್ಲಿದೆ ಬಿರುಕು?"

ನೋಲಾ ನೋಡಿದಳು. ಬೆರಳಿಂದ ಸವರಿದಳು. ಬಿಸಿಲಿಗೆ ತಿರುಗಿಸಿ ಮತ್ತೆ ನೋಡಿದಳು. ಎಲ್ಲೂ ಇರಲಿಲ್ಲ. ಹೋದ ಜೀವ ಬಂದಂತಾಗಿ ಅವಳಿಗೆ ನಗುವೇ ಬಂತು.

"ಕಣ್ಣು ಮಂಜಾಗಿದೆ ಕಣಮ್ಮಾ ನಿಂಗೆ," ಕೆಲ್ ಕೂಡ ನಕ್ಕ. "ಡಾಕ್ಟ್ರಿಗೆ ತೋರಿಸ್ಕೋ. ಸುಮ್‌ಸುಮ್ನೆ ನನ್ನ ಎದೆ ಒಡೆಸಿದ್ಯಲ್ಲ!"

"ಕಣ್ಣು ಚೆನ್ನಾಗೇ ಇದೆ. ನಾನು ಬಿರುಕು ನೋಡಿದ್ದು ನಿಜ." ಅಷ್ಟು ಅಂದವಳ ನಗು ಅಲ್ಲೇ ನಿಂತಿತು.

ಗುರುವಾರ ಬೆಂಚಿನ ಮೇಲೆ ಇದ್ದದ್ದು ಎರಡು ಮಷೀನು. ಮೈಬಣ್ಣ ಬೇರೆ ಬೇರೆ, ತಟ್ಟೆ ಮಾತ್ರ ಎರಡಕ್ಕೂ ಒಂದೇ ಥರದ್ದು. ಎರಡರ ತಟ್ಟೆಯನ್ನೂ ಬಿಚ್ಚಿ, ಸೀಮೆಎಣ್ಣೆ ಹಾಕಿದ ಒಂದೇ ಬಾಂಡ್ಲಿಯಲ್ಲಿ ನೆನೆಸಿದ್ದಳು. ತೊಳೆದು, ಒಣಗಿಸಿ, ಎರಡನ್ನೂ ಜೋಡಿಸಿದ್ದಳು. ಒಂದನ್ನು ಹಗ್ಗ ಕತ್ತರಿಸಿ ರಸ್ತೆಗಿಟ್ಟಳು. ಇನ್ನೊಂದನ್ನು ಒಳ್ಳೆಯದೆಂದು ನಿನ್ನೆ ತಾನೇ ಒಯ್ದು ತಮ್ಮ ಲಿಂಡ್ಸೆಗೆ ಕೊಟ್ಟಿದ್ದಳು.

"ಒಂದೇ ಬಾಂಡ್ಲೀಲಿ ಹಾಕಿದ್ಯಾ?" ಅವಳು ಇಷ್ಟನ್ನೂ ಹೇಳಿದ ಮೇಲೆ ಕೆಲ್ ಮೆಲ್ಲಗೆ ಕೇಳಿದ.

"ಹೂಂ. ಜೋಡಿಸುವಾಗ ತಟ್ಟೆ ಅದಲುಬದಲಾಗಿದೆ ಕಣೋ." ಲಿಂಡ್ಸೆಯ ಮನೆಯಲ್ಲಿ ಶನಿವಾರ ಮೊಮ್ಮಗಳು ಮಾರ್ನಿ ಇರುತ್ತಾಳೆ. ನಾಲ್ಕು ವರ್ಷದ ಮಗು. ತಾತ ಹುಲ್ಲು ಕತ್ತರಿಸಿದರೆ ತಾನೂ ಒಂದು ಕೆಂಪು ಪ್ಲಾಸ್ಟಿಕ್ ಮಷೀನು ತಳ್ಳಿಕೊಂಡು ಅವನ ಹಿಂದೆ ಹಿಂದೆಯೇ ನಡೆಯುತ್ತಾಳೆ. ಆ ಆಟಿಕೆಯನ್ನು ಹೋದ ಗುಜರಿ ವಾರದಲ್ಲಿ ಹುಡುಕಿ ತಂದುಕೊಟ್ಟವಳೂ ನೋಲಾಳೇ.

"ನೀನು ಹೊರಡು, ನಾನು ಅವನಿಗೆ ಫೋನು ಹಚ್ತಾನೇ ಇರ್ತೀನಿ," ಅಂದ ಕೆಲ್.

ಲಿಂಡ್ಸೆಯ ಮನೆಗೆ ಹನ್ನೆರಡು ನಿಮಿಷದ ದಾರಿ. ಎಂದೂ ದೇವರನ್ನು ನೆನೆಯದವಳು, ಮಗು ಮಲಗಿರಲಿ, ಮಗುವಿಗೆ ಜ್ವರ ಬಂದಿರಲಿ, ಮಗು ಬಂದೇ ಇಲ್ಲದಿರಲಿ ಅಂತ ಒಂದೇ ಸಮ ಬೇಡಿಕೊಂಡಳು. ಎಲ್ಲ ಕಿಟಕಿ ಇಳಿಸಿದ್ದಳು. ಬೀದಿ ತಿರುಗಿದಾಗ ಆಚೆ ಮನೆಯಲ್ಲಿ ಮಷೀನಿನ ಸದ್ದಿತ್ತು, ಈಚೆ ಮನೆಯಲ್ಲೂ ಇತ್ತು. ತಮ್ಮನ ಮನೆಯಿಂದ ಮಾತ್ರ ಏನೂ ಕೇಳಲಿಲ್ಲ.

ಹಿತ್ತಲ ಗೇಟು ತೆರೆದೇ ಇತ್ತು. ಅರ್ಧ ಕತ್ತರಿಸಿದ ಹುಲ್ಲಿನ ನಡುವೆ ಅವಳು ಕೊಟ್ಟ ಮಷೀನು ಓರೆಯಾಗಿ ನಿಂತಿತ್ತು. ಹತ್ತಿರ ಯಾರೂ ಇರಲಿಲ್ಲ. ಅದರ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಕೆಂಪು ಆಟಿಕೆ ಮಗುಚಿ ಬಿದ್ದಿತ್ತು. ಅದರ ಹೊಟ್ಟೆ ಸೀಳಿತ್ತು, ಸೀಳಿನಲ್ಲಿ ಅಲಗು ನಾಟಿತ್ತು.

ನೋಲಾ ಮೊಣಕಾಲೂರಿ ಎರಡೂ ಕೈಯಲ್ಲಿ ಹುಲ್ಲು ಬಿಡಿಸಿ ಬಿಡಿಸಿ ರಕ್ತ ಹುಡುಕಿದಳು. ಬರೀ ಹುಲ್ಲಿತ್ತು. ಆದರೂ ಹುಡುಕುವುದನ್ನು ನಿಲ್ಲಿಸಲಾಗಲಿಲ್ಲ.

"ಏನು ಕಳ್ಕೊಂಡೆ ನೋಲ್?"

ಲಿಂಡ್ಸೆ ಅಡುಗೆಮನೆ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದ. ಅವನ ಕಾಲಿನ ಸಂದಿಯಿಂದ ಮಾರ್ನಿ ಇಣುಕಿದಳು. ಕೈಯಲ್ಲಿ ಅರ್ಧ ಕಚ್ಚಿದ ಟೋಸ್ಟು.

"ಯಾವುದೋ ಕಲ್ಲಿಗೆ ಹೊಡೀತು ಅನ್ಸುತ್ತೆ," ಲಿಂಡ್ಸೆ ಹೇಳಿದ. "ಗಡಗಡ ಅಂತ ನಡುಗ್ತು, ಆಫ್ ಮಾಡ್ದೆ. ಸರಿ, ಟೀ ಕುಡಿದು ನೋಡೋಣ ಅಂತ ಒಳಗ್ಬಂದೆ. ಎದ್ದೇಳು, ನಿನಗೂ ಹಾಕ್ತೀನಿ."

"ನಾನು ಸೂಸು ಮಾಡೋಕ್ಕೆ ಹೋಗಿದ್ದೆ," ಮಾರ್ನಿ ಹೇಳಿದಳು. "ನನ್ನ ಮಷೀನನ್ನ ಅಲ್ಲೇ ಬಿಟ್ಟು ಹೋಗಿದ್ದೆ. ನಂದಿನ್ನೂ ಕೆಲ್ಸ ಮುಗ್ದಿಲ್ಲ."

ನೋಲಾಗೆ ಅಳು ಉಕ್ಕಿ ಬಂತು. ಸುಮ್ಮನಿದ್ದುಬಿಡಬಹುದಿತ್ತು. ಅಲಗನ್ನು ಕಿತ್ತು ಜೇಬಿಗೆ ಹಾಕಿ, ಹೌದಪ್ಪ, ಕಲ್ಲೇ ಇರಬೇಕು ಅಂದುಬಿಡಬಹುದಿತ್ತು. ಅವಳು ಆಟಿಕೆಯನ್ನು ಎತ್ತಿ ತಮ್ಮನ ಕಡೆ ತಿರುಗಿಸಿದಳು.

"ಕಲ್ಲಲ್ಲ ಕಣೋ. ನಾನು ಕೊಟ್ಟ ತಟ್ಟೆ. ಬಿರುಕು ಬಿಟ್ಟಿದ್ದನ್ನೇ ನಿನಗೆ ಹಾಕಿಕೊಟ್ಟೆ."

ಲಿಂಡ್ಸೆ ಅಲಗನ್ನು ನೋಡಿದ. ಸೀಳಿದ ಆಟಿಕೆಯನ್ನು ನೋಡಿದ. ಅದರ ಎತ್ತರವನ್ನೂ ಮಗುವಿನ ಎತ್ತರವನ್ನೂ ನೋಡಿದ. ಲೋಟವನ್ನು ಮೆಟ್ಟಿಲ ಮೇಲಿಟ್ಟು ಮಾರ್ನಿಯನ್ನು ಎತ್ತಿ ಬಿಗಿಯಾಗಿ ಅಪ್ಪಿಕೊಂಡ. ಟೋಸ್ಟು ಕೆಳಗೆ ಬಿತ್ತು, ಮಗು ಕೊಸರಾಡಿತು.

ನೋಲಾ ಎದ್ದು ಹತ್ತಿರ ಹೋಗಿ, ಒಂದು ಸಲ ಮುಟ್ಟಿದರೆ ಸಾಕೆಂದು ಮಗುವಿನ ಕಾಲಿಗೆ ಕೈ ಚಾಚಿದಳು. ಲಿಂಡ್ಸೆ ಒಂದು ಹೆಜ್ಜೆ ಹಿಂದೆ ಸರಿದ.