ಮೈದಾನದಲ್ಲಿ ಅಮ್ಮ ಮೈಕ್ ಹಿಡಿದದ್ದು

ಹಳೇ ಕಾರಿನವರು ವರ್ಷಕ್ಕೊಮ್ಮೆ ಒಂದು ಮೈದಾನದಲ್ಲಿ ಸೇರುತ್ತಾರೆ. ರಾಜಮಹಾರಾಜರ ಕಾರುಗಳೇನಲ್ಲ, ಮೇಷ್ಟ್ರು, ಗುಮಾಸ್ತರು ಓಡಿಸಿ ಎಂದೋ ಗುಜರಿಗೆ ಹಾಕಬೇಕಾಗಿದ್ದ ಡಬ್ಬಗಳು. ಅವನ್ನು ಫಳಫಳ ಉಜ್ಜಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರೂ ಮೈಕ್ ಹಿಡಿದು ನೆನಪು ಹೇಳುತ್ತಾ ಗದ್ಗದಿತರಾಗುವುದೇ ಕಾರ್ಯಕ್ರಮ.

ಈ ಸಲ ಅಮ್ಮನೂ ನಾನೂ ಬರಲೇಬೇಕೆಂದ ಅಣ್ಣ. ಅವನು ತನ್ನ ನೀಲಿ ಕಾರಿನಲ್ಲಿ ಹೋದ. ನಾವು ಬಸ್ಸಿನಲ್ಲಿ ಹೋದೆವು.

ಅಣ್ಣ ಲೈಬ್ರರಿಯಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಪಿಸುಮಾತಿನವನು, ಮೈಕ್ ಸಿಕ್ಕರೆ ಸಿಂಹ. "ಇಪ್ಪತ್ತೆರಡು ವರ್ಷ! ಒಂದು ದಿನವೂ ನನ್ನ ಕೈಬಿಟ್ಟಿಲ್ಲ. ಇದು ಕಾರಲ್ಲ, ನಮ್ಮ ಮನೆಮಗಳು" ಎಂದ. ಮನೆಮಗಳು ನಾನು ಎದುರಿಗೇ ಕೂತಿದ್ದೆ. ನಾನು ದರ್ಜಿ ಕೆಲಸದವಳು. ಆ ಕಾರಿನ ಸೀಟಿಗೆ ನಾಲ್ಕು ಸಲ ಕವರ್ ಹೊಲಿದುಕೊಟ್ಟು ಒಂದು ಸಲವೂ ಶಹಬ್ಬಾಸ್ ಅನ್ನಿಸಿಕೊಳ್ಳದವಳು. ಎಡಕ್ಕೆ ತಿರುಗಿಸಿದರೆ ತಾನಾಗಿ ಹಾರ್ನ್ ಹೊಡೆಯುವುದನ್ನೂ, ಹಿಂದಿನ ಬಾಗಿಲು ಹೊರಗಿನಿಂದ ಮಾತ್ರ ತೆರೆಯುವುದನ್ನೂ ಅವನು ಕೂಸಿನ ತೊದಲು ನುಡಿಯ ಹಾಗೆ ಬಣ್ಣಿಸಿದ. ಜನ ಚಪ್ಪಾಳೆ ತಟ್ಟಿದರು.

ಅಮ್ಮ ಎದ್ದು ಹೋಗಿ ಮೈಕಿಗೆ ಕೈಚಾಚಿದಳು.

"ನಾನು ಇವನ ತಾಯಿ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಈ ಕಾರು ಸ್ಟಾರ್ಟ್ ಆಗೋದ್ರೊಳಗೆ ಎರಡು ಹೆರಿಗೆ ಮುಗಿಸಬಹುದು."

ಅಣ್ಣ ನಕ್ಕ. ತಾಯಿಯ ಮುದ್ದು ಅಂದುಕೊಂಡಿರಬೇಕು.

"ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಕೊಂಡೆ. ಮಗಳು ಆಂಬುಲೆನ್ಸ್ ಕರಿಯೋಣ ಅಂದ್ಲು. ಇವನು, 'ಮನೇಲಿ ಕಾರಿಟ್ಕೊಂಡು ಆಂಬುಲೆನ್ಸಾ?' ಅಂದ. ಸೇತುವೆ ಮಧ್ಯೆ ಕಾರು ನಿಂತೇಹೋಯ್ತು. ಎದುರಿಗೆ ಆಸ್ಪತ್ರೆ ಬೋರ್ಡು ಕಾಣ್ತಾ ಇದೆ. ಇವನು ಇಳಿದು ಮೊದಲು ತೆಗೆದದ್ದು ನನ್ನ ಬಾಗಿಲಲ್ಲ, ಬಾನೆಟ್ಟು. 'ಪಾಪ, ಬಿಸಿಯಾಗಿಬಿಟ್ಟಿದೆ' ಅಂತ ಅದರ ಮೈ ಸವರ್ತಾನೆ. ಕೈ ಮುರಿದಿರೋದು ನಂದು ಕಣೋ ಅಂತ ಒಳಗಿಂದ ಕೂಗಿದೆ."

ಮೈದಾನದಲ್ಲಿ ನಗು ಎದ್ದಿತು.

"ಹಾಸಿಗೆ ಸಾಗಿಸೋ ಟೆಂಪೋದವನು ನನ್ನನ್ನೂ ಮಗಳನ್ನೂ ಹತ್ತಿಸ್ಕೊಂಡ. ಇವನು ಬರಲಿಲ್ಲ. ಯಾರಾದ್ರೂ ಗೀರಿಬಿಟ್ಟರೆ ಅಂತ ಕಾರು ಕಾಯ್ತಾ ನಿಂತ. ಮೂರು ಗಂಟೆ ಆದಮೇಲೆ ವಾರ್ಡಿಗೆ ಬಂದು ಹಲ್ಲುಬಿಟ್ಟು ಏನಂದ ಗೊತ್ತಾ? 'ಕಾರ್ಬುರೇಟರಲ್ಲಿ ಕಸ ಇತ್ತಮ್ಮ, ಅಷ್ಟೇ!' ಇದು ನನ್ನ ನೆನಪು."

ಚಪ್ಪಾಳೆ ಅಣ್ಣನದಕ್ಕಿಂತ ಜೋರಾಗಿತ್ತು. ಅಷ್ಟಕ್ಕೇ ಮುಗಿದಿದ್ದರೆ ಅವನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಸಂಘದ ಅಧ್ಯಕ್ಷರ ಹೆಂಡತಿ ಎದ್ದುಬಂದು, "ನಂದೂ ಒಂದಿದೆ" ಎಂದು ಮೈಕ್ ಇಸಿದುಕೊಂಡರು. ತಮ್ಮ ಮದುವೆಯ ದಿನ ಮದುಮಗಳೇ ಕಾರು ತಳ್ಳಿದ ಕಥೆ ಅದು. ಅವರ ಹಿಂದೆ ಇನ್ನೊಬ್ಬ ಹೆಂಗಸು, ಅವಳ ಹಿಂದೆ ಮತ್ತಿಬ್ಬರು ನಿಂತರು. ಗಂಡಂದಿರು ತಲೆತಗ್ಗಿಸಿಕೊಂಡು, ಒರೆಸಿದ್ದ ಗಾಜುಗಳನ್ನೇ ಮತ್ತೆ ಒರೆಸತೊಡಗಿದರು.

ಅಧ್ಯಕ್ಷರು ಮಾರನೇ ದಿನ ಅಣ್ಣನಿಗೆ ಫೋನ್ ಮಾಡಿ, ಮುಂದಿನ ವರ್ಷ ಒಬ್ಬರೇ ಬನ್ನಿ ಅಂದರಂತೆ.

ಅಣ್ಣ ಎಂಟು ದಿನ ಅಮ್ಮನ ಜೊತೆ ಮಾತು ಬಿಟ್ಟ. ಅಮ್ಮ ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ. ಒಂಬತ್ತನೆಯ ದಿನ ಅವನು ಮೆರೂನ್ ಬಣ್ಣದ ವೆಲ್ವೆಟ್ ಬಟ್ಟೆ ಹೊತ್ತುಕೊಂಡು ನನ್ನ ಅಂಗಡಿಗೆ ಬಂದ. ಮುಖ ಸಪ್ಪಗಿತ್ತು.

"ಎಲ್ಲರೆದುರು ಹಾಗೆ ಅವಮಾನ ಆಯ್ತಲ್ಲ... ತುಂಬಾ ನೊಂದಿದೆ ಕಣೇ. ಏನಾದ್ರೂ ಮಾಡಿ ಸಮಾಧಾನ ಮಾಡ್ಬೇಕು."

ಕೊನೆಗೂ ಬುದ್ಧಿ ಬಂತು, ಅಮ್ಮನಿಗೆ ಏನೋ ಹೊಲಿಸಲು ಬಂದಿದ್ದಾನೆ ಅಂದುಕೊಂಡೆ. "ಅಮ್ಮನ ಅಳತೆ ನನ್ನ ಹತ್ತಿರ ಇದೆ" ಎಂದೆ.

ಅವನು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದ. "ಅಮ್ಮನಿಗಲ್ಲ. ಕಾರಿಗೆ."

ಬಟ್ಟೆಯನ್ನು ಮಡಿಸಿ ಅವನ ಕಂಕುಳಿಗೇ ತುರುಕಿ ಕಳಿಸಿದೆ. ಮಾರ್ಕೆಟ್ಟಿನ ದರ್ಜಿಯೊಬ್ಬ ಅದನ್ನು ಹೊಲಿದುಕೊಟ್ಟನಂತೆ, ಅಂಚಿಗೆ ಜರಿ ಕೂಡ ಇಟ್ಟು.