ಸೋಮವಾರದ ಫಿಲ್ಮ್

ನಮ್ಮ ಕೋಚ್ ಮಾರ್ವ್ ಸ್ಟೆಡ್ಮನ್‌ರ ಸೋಮವಾರದ ಫಿಲ್ಮ್ ಎಂದರೆ ಎಂಥ ಗಟ್ಟಿ ಗಂಡಸೂ ಹಿಂದಿನ ಸಾಲಿನ ಕುರ್ಚಿ ಹುಡುಕುತ್ತಿದ್ದ. ಭಾನುವಾರ ಆಡಿದ, ಚೆಂಡನ್ನು ಕೈಯಲ್ಲಿ ಎಸೆದಾಡುವ ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ಮರುದಿನ ತಂಡವೆಲ್ಲ ಕತ್ತಲೆ ಕೋಣೆಯಲ್ಲಿ ಕೂತು ನೋಡಬೇಕು. ತಪ್ಪು ಮಾಡಿದವನ ತುಣುಕನ್ನು ಕೋಚ್ ಹಿಂದಕ್ಕೆ ಮುಂದಕ್ಕೆ ಓಡಿಸಿ ಓಡಿಸಿ ತೋರಿಸುತ್ತಿದ್ದರು. ಆಮೇಲೆ ಅವನು ಎದ್ದು ನಿಂತು "ತಪ್ಪು ನನ್ನದು" ಎನ್ನಬೇಕು. ಎಷ್ಟು ಗಟ್ಟಿಯಾಗಿ ಅಂದರೂ ಕೋಚ್ ಕಿವಿಗೆ ಕೈಯಿಟ್ಟು, "ಕೇಳಿಸ್ಲಿಲ್ಲ ಮಗನೆ!" ಎನ್ನುತ್ತಿದ್ದರು. ನಾನು ಎದುರಾಳಿಗಳನ್ನು ಎದೆಯೊಡ್ಡಿ ತಡೆಯುವ ಸಾಲಿನವನು. ನಾನು ಎದ್ದರೆ ಅರ್ಧ ಪರದೆಯೇ ಮುಚ್ಚಿಹೋಗುತ್ತಿತ್ತು, ಆದರೂ ನನ್ನನ್ನೂ ಬಿಡುತ್ತಿರಲಿಲ್ಲ. ಹಾಗೆ ಬೈಸಿಕೊಂಡೇ ಆಟ ಕಲಿತೆವು ಎಂದು ನಾವೂ ಊರೆಲ್ಲ ಜಂಬ ಕೊಚ್ಚಿಕೊಂಡೆವು. ಈಗ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಕಳೆದ ತಿಂಗಳು ಕೋಚ್ ನಿವೃತ್ತರಾದರು. ಬೀಳ್ಕೊಡುಗೆಗೆ ಹಳಬರೆಲ್ಲ ಅದೇ ಕೋಣೆಯಲ್ಲಿ ಸೇರಿದೆವು. ಸಾಸೇಜು, ಹುಳಿ ಬರಿಸಿದ ಎಲೆಕೋಸು, ಬೇಕಾದಷ್ಟು ಬಿಯರು. ಅಲೊಂಜೊ ಫಿಂಚ್ ಕೂಡ ಬಂದಿದ್ದ. ನಾವು ಆಡುತ್ತಿದ್ದಾಗ ಒಂದು ವರ್ಷ, ಇನ್ನೊಂದು ಪಂದ್ಯ ಗೆದ್ದಿದ್ದರೆ ಫೈನಲ್‌ಗೆ ಹೋಗುತ್ತಿದ್ದೆವು. ಆ ಪಂದ್ಯದಲ್ಲಿ ಚೆಂಡು ಬಲಕ್ಕೆ ಹಾರಿಬಂದರೆ ತಾನು ಎಡಕ್ಕೆ ಓಡಿದವನು ಈ ಫಿಂಚ್. ಆ ಸೋಮವಾರ ಕೋಚ್ ಅವನನ್ನು ಊಟದ ಹೊತ್ತಿನವರೆಗೂ ನಿಲ್ಲಿಸಿದ್ದರು. ವಾರ ಕಳೆಯುವುದರೊಳಗೆ ತಂಡದಿಂದಲೇ ತೆಗೆದರು. ಆಮೇಲೆ ಬೇರೆ ಯಾವ ತಂಡವೂ ಅವನನ್ನು ಕರೆಯಲಿಲ್ಲ. ಈಗ ಶಾಲೆಯ ಬಸ್ಸು ಓಡಿಸುತ್ತಾನೆ.

"ಏನಯ್ಯಾ ಫಿಂಚ್, ಬಸ್ಸನ್ನಾದ್ರೂ ಬಲಕ್ಕೆ ತಿರುಗಿಸ್ತೀಯೋ ಇಲ್ವೋ?" ಎಂದು ಕಾಲೆಳೆದೆ.

"ಮಕ್ಕಳು ಹೇಳ್ಕೊಡ್ತಾರೆ ಬಿಡೋ, ಡಚ್," ಎಂದು ನನ್ನನ್ನು ಹಳೆಯ ಅಡ್ಡಹೆಸರಿನಿಂದಲೇ ಕರೆದು, ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಆ ಓಟವನ್ನು ಇನ್ನೊಮ್ಮೆ ನೋಡಿ ನಗೋಣವೆಂದು ಕ್ಲಬ್ಬಿನ ಉಗ್ರಾಣದಿಂದ ಮೂಲ ಫಿಲ್ಮನ್ನು ತರಿಸಿದ್ದವನು ನಾನೇ. ದೀಪ ಆರಿಸಿ ಫಿಲ್ಮ್ ಹಾಕಿದೆವು. ಕೋಚ್ ತೋರಿಸುತ್ತಿದ್ದ ತುಣುಕು ಫಿಂಚ್ ಓಡಲು ಶುರುಮಾಡಿದಲ್ಲಿಂದ ಇರುತ್ತಿತ್ತು. ಇದರಲ್ಲಿ ಅದಕ್ಕೂ ಮೊದಲಿನದು ಬಂತು.

"ಅದೆಲ್ಲ ಬೇಡ, ಮುಂದಕ್ಕೆ ಓಡ್ಸಿ!" ಎಂದು ಕೋಚ್ ಕೂಗಿದರು.

ಯಾರೂ ಓಡಿಸಲಿಲ್ಲ. ನಮ್ಮ ಕಾಲದಲ್ಲಿ ಕೋಚ್ ಮೈದಾನದ ಅಂಚಿನಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದರು: ಟೋಪಿ ಮುಟ್ಟಿದರೆ ಎಡ, ಬೆಲ್ಟ್ ಮುಟ್ಟಿದರೆ ಬಲ. ಪರದೆಯ ಮೇಲೆ ಕೋಚ್ ಟೋಪಿ ಮುಟ್ಟಿದರು. ಫಿಂಚ್ ಅದನ್ನು ನೋಡಿ, ತಲೆಯಾಡಿಸಿ, ತನ್ನ ಜಾಗಕ್ಕೆ ಹೋದ. ಅವನು ಬೆನ್ನು ತಿರುಗಿಸಿದ ಮೇಲೆ ಕೋಚ್ ಮನಸ್ಸು ಬದಲಿಸಿ ಬೆಲ್ಟ್ ಮುಟ್ಟಿದರು. ಚೆಂಡು ಎಸೆಯುವವನು ಅದನ್ನು ಕಂಡ, ಬಲಕ್ಕೆ ಎಸೆದ. ಫಿಂಚ್ ತನಗೆ ಹೇಳಿದಂತೆ ಎಡಕ್ಕೆ ಓಡಿದ್ದ.

ದೀಪ ಹಾಕಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೋಚ್ ಕುರ್ಚಿಯ ಬೆನ್ನು ಹಿಡಿದು ಎದ್ದರು. ಅವರ ಕತ್ತಿನವರೆಗೂ ಕೆಂಪೇರಿತ್ತು.

"ತಪ್ಪು ನನ್ನದು," ಎಂದರು, ತುಟಿಯೊಳಗೇ.

"ಕೇಳಿಸ್ಲಿಲ್ಲ, ಕೋಚ್!"

ಕೂಗಿದವನು ನಾನು. ಬೇಕೆಂದು ಕೂಗಿದ್ದಲ್ಲ, ನಾಲಿಗೆಗೆ ಅಭ್ಯಾಸವಾಗಿಹೋಗಿತ್ತು. ಒಬ್ಬನೂ ನಗಲಿಲ್ಲ. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

"ತಪ್ಪು ನನ್ನದು, ಫಿಂಚ್," ಎಂದು ಕೋಚ್ ಗಟ್ಟಿಯಾಗಿ ಹೇಳಿದರು. "ನನಗೆ ಅವತ್ತೇ ಗೊತ್ತಿತ್ತು."

ಫಿಂಚ್ ಇನ್ನೂ ಪರದೆಯನ್ನೇ ನೋಡುತ್ತಿದ್ದ. ಅಲ್ಲಿ ಈಗ ಏನೂ ಇರಲಿಲ್ಲ.

"ನಾನೇ ಬೆಲ್ಟನ್ನ ಟೋಪಿ ಅಂತ ನೋಡ್ಬಿಟ್ಟೆ ಅಂದ್ಕೊಂಡಿದ್ದೆ, ಕೋಚ್," ಎಂದ. "ಆಮೇಲೆ ಹೋಗಿ ಕಣ್ಣು ಪರೀಕ್ಷೆ ಮಾಡಿಸ್ಕೊಂಡೆ. ಕಣ್ಣು ಚೆನ್ನಾಗೇ ಇದೆ ಅಂದ್ರು ಡಾಕ್ಟ್ರು."

ಈಗ ಕೋಚ್ ಕಡೆ ತಿರುಗಿದ.

"ನಾನು ಡಾಕ್ಟ್ರನ್ನ ನಂಬಲಿಲ್ಲ. ನಿಮ್ಮನ್ನ ನಂಬಿದೆ."